ನನಗೇನೂ ಆಗಿಲ್ಲ

ಜೂನ್ 9

ರಾತ್ರಿ ಎರಡೂಕಾಲು. ಹಾಲಿನ ಬಾಟಲಿ ಮಂಚದಿಂದ ಬಿದ್ದು ಗೋಡೆಯವರೆಗೂ ಉರುಳಿಕೊಂಡು ಹೋದ ಸದ್ದಿಗೆ ಎಚ್ಚರವಾಯಿತು. ಬಿದ್ದದ್ದು ಬಾಟಲಿ ಎಂದು ತಿಳಿಯುವ ಮೊದಲೇ ನಾನು ನೆಲದ ಮೇಲೆ ಮಂಡಿಯೂರಿ ಕತ್ತಲಲ್ಲಿ ಮಗುವಿಗಾಗಿ ತಡಕಾಡುತ್ತಿದ್ದೆ. ಪುಟ್ಟಿ ಮಂಚದ ಮೇಲೆಯೇ ಇದ್ದಳು, ಗೋಡೆಯ ಬದಿಗೆ, ಬಾಯಿ ತೆರೆದುಕೊಂಡು.

"ಏನೇ ಅದು?" ಎಂದರು ಇವರು.

"ಬಾಟ್ಲಿ ಬಿತ್ತು."

"ಅದಕ್ಕೂ ಒಂದು ಸ್ಕ್ಯಾನ್ ಮಾಡಿಸ್ಬಿಡೋಣ" ಎಂದು ಮಗ್ಗುಲು ಬದಲಾಯಿಸಿದರು.

ಇನ್ನು ನಿದ್ದೆಯ ಮಾತಿಲ್ಲ. ಕಾಲೇಜು ಬಿಟ್ಟ ಮೇಲೆ ದಿನಚರಿ ಬರೆದೇ ಇರಲಿಲ್ಲ. ಈಗ ಬರೆಯುತ್ತಿರುವುದು ಯಾರಿಗೂ ತೋರಿಸುವುದಕ್ಕಲ್ಲ. ತಲೆಯೊಳಗೆ ಸುತ್ತುತ್ತಿರುವುದನ್ನು ಎಲ್ಲಾದರೂ ಇಳಿಸಬೇಕು, ಅಷ್ಟೆ.

ಕಳೆದ ಗುರುವಾರ ಸಿಗ್ನಲ್‌ನಲ್ಲಿ ನಮ್ಮ ಕಾರು ನಿಂತಿತ್ತು. ಇವರು ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತಾ ದೀಪ ಹಸಿರಾಗುವುದನ್ನೇ ಕಾಯುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಪುಟ್ಟಿ. ಲಾಂಡ್ರಿಯ ವ್ಯಾನೊಂದು ಹಿಂದಿನಿಂದ ಬಂದು ಗುದ್ದಿತು. ನಾನು ಮಗುವಿನ ಮೇಲೆ ಬಗ್ಗಿಬಿಟ್ಟೆ. ನನ್ನ ತಲೆ ಕಿಟಕಿಯ ಕಂಬಕ್ಕೆ ತಾಗಿತು, ಪುಟ್ಟಿಯ ಹಣೆ ಮುಂದಿನ ಸೀಟಿಗೆ. ಅವಳ ಹಣೆಯ ಮೇಲೆ ಕೆಂಪು ಗುರುತು ಎದ್ದಿತು. ಆಸ್ಪತ್ರೆಯಲ್ಲಿ ನರ್ಸು ಪೆನ್ನು ಹಿಡಿದುಕೊಂಡು "ನಿಮಗೇನಾಯ್ತು?" ಎಂದು ಕೇಳಿದಾಗ ನನಗೆ ರೇಗಿಹೋಯಿತು. "ನನಗೇನೂ ಆಗಿಲ್ಲ, ಮೊದಲು ಮಗು ನೋಡಿ!" ಎಂದು ಕೂಗಿದೆ. ಅವಳು ಹಾಗೇ ಬರೆದುಕೊಂಡಳು. ಕೆಳಗೆ ಸಹಿ ಹಾಕಿದೆ.

ಮಕ್ಕಳ ಡಾಕ್ಟರು ಸಾವಧಾನದ ಹೆಂಗಸು. "ಸ್ಕ್ಯಾನ್‌ನಲ್ಲೂ ಏನಿಲ್ಲ, ಈಗ ಚೆನ್ನಾಗಿದಾಳೆ. ಆದ್ರೆ ತಲೆಗೆ ಬಿದ್ದ ಪೆಟ್ಟು ಆವತ್ತೇ ಮಾತಾಡ್ಬೇಕು ಅಂತೇನಿಲ್ಲಮ್ಮ. ಒಳಗೆ ಸಣ್ಣಗೆ ರಕ್ತ ಜಿನುಗ್ತಾ ಇದ್ರೆ ವಾರಗಳಾದ್ಮೇಲೂ ತೊಂದರೆ ಬರಬಹುದು. ವಾಂತಿ, ವಿಪರೀತ ಮಂಪರು, ಒಂದು ಕೈ ಸೋತ ಹಾಗಿರೋದು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಇಂಥದ್ದೇನಾದ್ರೂ ಕಂಡ್ರೆ ಹೊತ್ತು ಗೊತ್ತು ನೋಡ್ಬೇಡಿ, ಫೋನ್ ಮಾಡಿ" ಎಂದರು.

ವಾರಗಳಾದ ಮೇಲೂ. ಹಾಗೆ ಹೇಳಿಬಿಟ್ಟ ಮೇಲೆ ತಾಯಿಯಾದವಳು ಹೇಗೆ ಮಲಗುತ್ತಾಳೆ?

ಜೂನ್ 11

ಇವರ ಅಂಗಡಿಯಿಂದ ಸಣ್ಣ ಟಾರ್ಚ್ ತಂದಿಟ್ಟುಕೊಂಡಿದ್ದೇನೆ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಮ್ಮ ಮನೆ. ಗಿರಾಕಿಗಳ ಕಣ್ಣಿಗೆ ಬಿಡುವ ಟಾರ್ಚ್ ಅದು. ರಾತ್ರಿ ಎರಡು ಗಂಟೆಗೊಮ್ಮೆ ಪುಟ್ಟಿಯ ರೆಪ್ಪೆ ಎತ್ತಿ ಬೆಳಕು ಬಿಡುತ್ತೇನೆ. ಎರಡೂ ಪಾಪೆ ಒಟ್ಟಿಗೆ ಸಣ್ಣಗಾಗುತ್ತವೆ. ಆಮೇಲೆ ಅವಳು ಊರು ಎಬ್ಬಿಸುವ ಹಾಗೆ ಅಳುತ್ತಾಳೆ. ಅಳುವ ಶಕ್ತಿ ಇದೆಯಲ್ಲ ಎಂದು ನನಗೆ ಸಮಾಧಾನ.

ಅತ್ತೆ ಬೆಳಿಗ್ಗೆ ಚಹಾ ಕುದಿಸುತ್ತಾ, "ಟೀಚರಮ್ಮ, ಅದು ಮಗು, ಕಳ್ಳ ಅಲ್ಲ. ಪೊಲೀಸಿನೋರು ಕೂಡ ಕಳ್ಳನ್ನ ಒಂದು ಗಳಿಗೆ ಮಲಗೋಕೆ ಬಿಡ್ತಾರೆ" ಎಂದರು. ಮಗು ಹುಟ್ಟುವವರೆಗೂ ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಅತ್ತೆಗೆ ಸಿಟ್ಟು ಬಂದಾಗ ಮಾತ್ರ ಅದು ನೆನಪಾಗುತ್ತದೆ.

"ಡಾಕ್ಟ್ರು ಹೇಳಿದಾರೆ ಅತ್ತೆ."

"ಡಾಕ್ಟ್ರು ನೋಡು ಅಂದ್ರು, ಸುಲಿದು ನೋಡು ಅಂದ್ರಾ?"

ಇವರು ಪತ್ರಿಕೆಯ ಹಿಂದೆ ನಕ್ಕರು. ಮೆದುಳಿನ ಚಿತ್ರವನ್ನು ಬೋರ್ಡಿನ ಮೇಲೆ ನಾನು ಎಷ್ಟು ಸಲ ಬಿಡಿಸಿದ್ದೇನೆ! ಎಡ ಭಾಗ ಬಲಗೈಯನ್ನು ಆಳುತ್ತದೆ, ಮಾತನ್ನೂ ಅದೇ ಆಳುತ್ತದೆ ಎಂದು ಮಕ್ಕಳಿಂದ ಒಟ್ಟಾಗಿ ಹೇಳಿಸುತ್ತಿದ್ದೆ. ನಗುವವರು ನಗಲಿ.

ಜೂನ್ 15

ವ್ಯಾನಿನ ಯಜಮಾನರು ಬಂದಿದ್ದರು, ಜೊತೆಗೆ ಅವರ ವಕೀಲ. ನಮ್ಮ ಅಂಗಡಿ, ಮನೆ ಇರುವ ಈ ಕಟ್ಟಡವೂ ಅದೇ ಯಜಮಾನರದ್ದು. ಗುದ್ದಿದ್ದೂ ಅವರೇ, ನೆರಳು ಕೊಟ್ಟವರೂ ಅವರೇ. ಅದಕ್ಕೇ ಇವರು ಆವತ್ತು ರಸ್ತೆಯಲ್ಲೇ ಕೈಮುಗಿದು "ಪರವಾಗಿಲ್ಲ ಸರ್" ಎಂದಿದ್ದು.

ವಕೀಲ ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮಾತಾಡುತ್ತಾನೆ. "ಕೇಸು ಗೀಸು ಯಾಕೆ ಮೇಡಂ, ರಾಜಿ ಪತ್ರ ತಂದಿದೀನಿ. ಕಾರ್ ರಿಪೇರಿ ಯಜಮಾನ್ರು ಮಾಡಿಸ್ಕೊಡ್ತಾರೆ. ಅಂಗಡಿ ಕರಾರು ಈ ಸಲ ಮುಗೀತಿದೆಯಲ್ಲ, ಅದನ್ನೂ ಮುಂದುವರಿಸ್ತಾರೆ."

ನಾನು ಪತ್ರ ಓದಿದೆ. 'ಕಾರಿನಲ್ಲಿದ್ದ ಮೂವರಿಗೂ ಯಾವುದೇ ಪೆಟ್ಟಾಗಿರುವುದಿಲ್ಲ. ಮುಂದೆ ಯಾವ ತೊಂದರೆ ಕಾಣಿಸಿಕೊಂಡರೂ ಅದಕ್ಕೂ ಈ ಅಪಘಾತಕ್ಕೂ ಸಂಬಂಧ ಕಲ್ಪಿಸುವುದಿಲ್ಲ.'

"ಮುಂದೆ ಮಗೂಗೆ ಏನಾದ್ರೂ ಕಾಣಿಸ್ಕೊಂಡ್ರೆ?" ಎಂದು ಕೇಳಿದೆ.

"ಬಿಡ್ತು ಅನ್ನಿ ತಾಯಿ! ಯಾಕೆ ಕಾಣಿಸ್ಕೊಳ್ಳುತ್ತೆ?"

"ಕಾಣಿಸ್ಕೊಳ್ಳೋಲ್ಲ ಅಂತ ಗ್ಯಾರಂಟಿ ಇದ್ರೆ ಈ ಸಾಲು ಯಾಕೆ ಬರೆದ್ರಿ?"

ವಕೀಲನ ಮುಖದ ಬೆಣ್ಣೆ ಸ್ವಲ್ಪ ಗಟ್ಟಿಯಾಯಿತು. ಯಜಮಾನರು ಇವರ ಕಡೆ ನೋಡಿದರು. ಇವರು ನೆಲ ನೋಡಿದರು. ನಾನು ಸಹಿ ಹಾಕಲಿಲ್ಲ. ಪುಟ್ಟಿಗೆ ಏನೂ ಇಲ್ಲ ಎಂದು ನನಗೆ ಖಾತ್ರಿಯಾಗುವವರೆಗೂ ಹಾಕುವುದಿಲ್ಲ. ಅವರು ಇಳಿದುಹೋದ ಮೇಲೆ ಅತ್ತೆ, "ನಿನ್ನ ಜಾಣತನಕ್ಕೆ ನಾವು ಬೀದಿಗೆ ಬರ್ತೀವಿ. ಬೀದೀಲಿ ಕೂತ್ಕೊಂಡು ಟಾರ್ಚ್ ಬಿಡುವಂತೆ" ಎಂದರು.

ಬರೆದು ಮುಗಿಸಿದಾಗ ನನಗೇ ಹೆಮ್ಮೆಯಾಯಿತು. ಹಿಂದೆಂದೂ ಯಾರ ಮುಂದೆಯೂ ಹೀಗೆ ಮಾತಾಡಿದವಳಲ್ಲ.

ಜೂನ್ 19

ತಲೆನೋವು. ಬೆಳಿಗ್ಗೆ ಎದ್ದಾಗ ಜಾಸ್ತಿ, ನಡೆದಾಡಿದರೆ ಕಡಿಮೆ. ನಿದ್ದೆಗೆಟ್ಟರೆ ಇನ್ನೇನಾಗುತ್ತದೆ? ಪುಟ್ಟಿ ಇವತ್ತು ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟಳು. ಎರಡೂ ಕಾಲು ಸಮವಾಗಿ ಊರಿದಳು. ಬಗ್ಗಿ ನೋಡಿದೆ.

ಜೂನ್ 22

ಇವತ್ತು ಬರೆಯುವುದು ಬೇಕಾದಷ್ಟಿದೆ, ಒಳ್ಳೆಯ ದಿನ.

ಎರಡು ಮೂರು ದಿನಗಳಿಂದ ಎಲ್ಲವೂ ಎರಡೆರಡು ಕಾಣುತ್ತಿದೆ. ಬಾಗಿಲ ಪಕ್ಕದಲ್ಲಿ ಇನ್ನೊಂದು ಬಾಗಿಲು, ಅತ್ತೆಯ ಪಕ್ಕದಲ್ಲಿ ಇನ್ನೊಬ್ಬ ಅತ್ತೆ. ಇವರಿಗೆ ಹೇಳಿದರೆ, "ಅಯ್ಯೋ, ಒಬ್ಬರನ್ನೇ ಸಂಭಾಳಿಸೋಕೆ ಆಗಲ್ಲ" ಎಂದು ನಕ್ಕು, ಅಂಗಡಿ ಮುಚ್ಚುವ ಹೊತ್ತಿಗೆ ನನ್ನನ್ನು ಕೆಳಗೆ ಕರೆದುಕೊಂಡು ಹೋದರು.

ಮದುವೆಯ ಹೊಸದರಲ್ಲಿ ಆ ಕುರ್ಚಿಯಲ್ಲಿ ಕೂತಿದ್ದೆ. ಆಮೇಲೆ ಇವತ್ತೇ. ಕಣ್ಣು ಪರೀಕ್ಷೆಯ ಭಾರದ ಚೌಕಟ್ಟನ್ನು ಮೂಗಿನ ಮೇಲೆ ಕೂರಿಸಿ, ಡಬ್ಬಿಯಿಂದ ಒಂದೊಂದೇ ಗಾಜು ತೆಗೆದು ತೂರಿಸುತ್ತಾ, "ಈಗ? ಈಗ ಚೆನ್ನಾಗಿದ್ಯಾ, ಆಗ ಚೆನ್ನಾಗಿತ್ತಾ?" ಎಂದು ಕೇಳುತ್ತಿದ್ದರು. ಅವರ ಬೆರಳಿಗೆ ಗಾಜು ಒರೆಸುವ ದ್ರವದ ವಾಸನೆ ಇರಬೇಕಿತ್ತು. ನನಗೆ ಬರಲಿಲ್ಲ. ಶೀತವಿರಬೇಕು. ಅಷ್ಟು ಹತ್ತಿರದಿಂದ ಅವರು ನನ್ನ ಕಣ್ಣೊಳಗೆ ನೋಡಿ ಎಷ್ಟು ಕಾಲವಾಯಿತು! ದಿನಕ್ಕೆ ಹತ್ತಾರು ಜನರ ಕಣ್ಣೊಳಗೆ ಇಣುಕುವವರು ಮನೆಗೆ ಬಂದು ನನ್ನ ಮುಖ ನೋಡುವಷ್ಟರಲ್ಲಿ ಸೋತುಹೋಗಿರುತ್ತಾರೆ.

"ಕಣ್ಣಿನ ಸ್ನಾಯು ಸುಸ್ತಾಗಿದೆ ಕಣೇ. ನಿದ್ದೆ ಇಲ್ಲ ನೋಡು. ಪ್ರಿಸಂ ಹಾಕಿದ ಗಾಜು ಕೊಡ್ತೀನಿ, ಎರಡೂ ಬಿಂಬ ತಂದು ಒಂದ್ರ ಮೇಲೊಂದು ಕೂರಿಸುತ್ತೆ."

ಅಲ್ಲೇ ಯಂತ್ರ ಹಾಕಿ ಗಾಜಿನ ಅಂಚು ಉಜ್ಜಿ, ನಾನು ಮುಂಚೆ ಇಷ್ಟಪಟ್ಟಿದ್ದ ಕಂದು ಚೌಕಟ್ಟಿಗೆ ಕೂರಿಸಿಕೊಟ್ಟರು. ಹಾಕಿಕೊಂಡೆ. ಇಬ್ಬರಾಗಿದ್ದ ಇವರು ಒಬ್ಬರಾದರು. ನಾನು ಅತ್ತುಬಿಟ್ಟೆ. "ನೋಡಿದ್ಯಾ? ಸುಮ್ನೆ ದೊಡ್ಡ ಡಾಕ್ಟ್ರ ಹತ್ರ ಹೋಗಿದ್ರೆ ತಲೆಗೇ ಸ್ಕ್ಯಾನ್ ಬರೀತಿದ್ರು" ಎಂದರು.

ಜೂನ್ 25

ಪುಟ್ಟಿಯನ್ನು ಮಕ್ಕಳ ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಅವರು ಗಿಲಕಿ ಆಡಿಸಿದರು, ಕಾಲು ಕುಟ್ಟಿದರು, ಕಣ್ಣು ನೋಡಿದರು. ಪುಟ್ಟಿ ಅವರ ಸ್ಟೆತಸ್ಕೋಪನ್ನು ಕಚ್ಚಿದಳು. "ಕಲ್ಲುಗುಂಡಿನ ಹಾಗಿದಾಳೆ. ಇನ್ನು ಹೆದರ್ಬೇಡಿ" ಎಂದರು. ಆಮೇಲೆ ನನ್ನನ್ನೇ ನೋಡುತ್ತಾ, "ನೀವು ಹೇಗಿದೀರಮ್ಮ? ಆವತ್ತು ಹೇಗಾಯ್ತು ಅಂತ ಹೇಳುವಾಗ ನಿಮ್ಮ ತಲೆಗೂ ತಾಗಿತ್ತು ಅಂದಿದ್ರಿ ಅಲ್ವಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವರು, "ರಾತ್ರಿಯೆಲ್ಲಾ ಕಾವಲು ಕೂರ್ತಾಳೆ ಡಾಕ್ಟ್ರೇ, ನಿದ್ದೆಗೊಂದು ಮಾತ್ರೆ ಕೊಡಿ" ಎಂದರು. "ಅದು ನಾನು ಕೊಡೋದಲ್ಲ, ಅವರನ್ನ ಒಂದ್ಸಲ ಬೇರೆ ಡಾಕ್ಟ್ರಿಗೆ ತೋರಿಸಿ" ಎಂದು ಡಾಕ್ಟರು ಹೇಳಿದರು. "ನನಗೇನೂ ಇಲ್ಲ, ಮಗುವಿಗೆ ಇನ್ನೊಂದು ಸ್ಕ್ಯಾನ್ ಮಾಡ್ತೀರಾ?" ಎಂದು ನಾನು ಕೇಳಿದೆ. ಅವರು ನಿಟ್ಟುಸಿರು ಬಿಟ್ಟು ಮುಂದಿನ ಮಗುವನ್ನು ಕರೆದರು.

ಕಲ್ಲುಗುಂಡು ಎಂದರೆ ಏನು? ಕಲ್ಲಿನೊಳಗೆ ಏನಾಗುತ್ತಿದೆ ಎಂದು ಹೊರಗಿನವರಿಗೆ ಹೇಗೆ ಗೊತ್ತಾಗುತ್ತದೆ?

ಜೂನ್ 28

ಅಕ್ಕ ಫೋನ್ ಮಾಡಿದ್ದಳು. ಬಸ್ಸು, ರೈಲು ಎರಡೂ ಹಿಡಿದು ಬರಬೇಕಾದಷ್ಟು ದೂರ ಇದ್ದಾಳೆ. ದೂರದಿಂದಲೇ ಜಗಳ ಆಡುವುದರಲ್ಲಿ ಅವಳು ಎತ್ತಿದ ಕೈ.

"ಏನೇ ಅದು, ನಾಲಿಗೆ ಹೊರಳ್ತಾ ಇಲ್ಲ ನಿಂಗೆ? ಬಾಯಲ್ಲಿ ಏನಾದ್ರೂ ಇಟ್ಕೊಂಡಿದೀಯಾ?"

"ಇಲ್ಲ ಕಣೇ. ಸುಸ್ತು."

"ಸುಸ್ತಾದ್ರೆ ಮಾತು ಕಮ್ಮಿ ಆಗುತ್ತೆ, ತೊದಲಲ್ಲ. ಪತ್ರಕ್ಕೆ ಸಹಿ ಹಾಕ್ಬೇಡ. ನಿನ್ನ ತಲೇನೂ ತೋರಿಸು. ಕೇಳಿಸ್ತಾ? ಮಗೂದಲ್ಲ, ನಿಂದು."

"ನನ್ನ ತಲೆ ಹುಟ್ಟಿದಾಗಿಂದ ಹೀಗೇ ಇದೆ" ಎಂದೆ. ಅವಳು ನಗಲಿಲ್ಲ. ಅಕ್ಕನಿಗೆ ಯಾವಾಗಲೂ ಹೀಗೇ, ಇಲಿ ಹೋದರೆ ಹುಲಿ ಹೋಯಿತು ಎನ್ನುತ್ತಾಳೆ. ಮಗುವಿನ ವಿಷಯ ಬಿಟ್ಟು ನನ್ನ ವಿಷಯ ಯಾಕೆ?

ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ನಿಮ್ಮಕ್ಕನೇ ಅಂಗಡಿ ನಡೆಸ್ಕೊಡ್ತಾಳಂತಾ?" ಎಂದರು.

ಜುಲೈ 1

ವಾಂತಿ. ಬೆಳಿಗ್ಗೆಯೇ ಎರಡು ಸಲ. ಅತ್ತೆ ನನ್ನ ಹೊಟ್ಟೆ ನೋಡಿ, ಇವರನ್ನು ನೋಡಿ, "ಇನ್ನೊಂದಾ? ಇರೋ ಒಂದನ್ನೇ ಮಲಗೋಕೆ ಬಿಡ್ತಿಲ್ಲ" ಎಂದರು. ಅಲ್ಲವೆಂದು ನನಗೆ ಗೊತ್ತು.

ಪುಟ್ಟಿ ಮಧ್ಯಾಹ್ನವೆಲ್ಲಾ ಮಲಗಿದ್ದಳು. ಅಷ್ಟು ಹೊತ್ತು ಯಾಕೆ ಮಲಗಬೇಕು? ನಾನೂ ಪಕ್ಕದಲ್ಲಿ ಮಲಗಿದ್ದೆನಂತೆ. ಅತ್ತೆ ಅಲುಗಾಡಿಸಿ ಎಬ್ಬಿಸಿದರು. ಇಬ್ಬರೂ ಎದ್ದಾಗ ಕಿಟಕಿಯ ಹೊರಗೆ ದೀಪ ಹತ್ತಿತ್ತು. ಮಂಪರು. ಡಾಕ್ಟರು ಹೇಳಿದ್ದರಲ್ಲ. ಇವತ್ತು ರಾತ್ರಿ ಗಂಟೆಗೊಮ್ಮೆ ನೋಡುತ್ತೇನೆ.

ಜುಲೈ 3

ಪೆನ್ನು ಪದೇ ಪದೇ ಜಾರುತ್ತಿದೆ. ಆದರೂ ಬರೆಯುತ್ತೇನೆ.

ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದೆ. ಟಬ್ಬಿನಲ್ಲಿ ನೀರು ಜಾಸ್ತಿ ಇರಲಿಲ್ಲ. ಬಲಗೈಯಿಂದ ಅವಳ ಬೆನ್ನು ಹಿಡಿದಿದ್ದೆ, ಎಡಗೈಯಲ್ಲಿ ಸೋಪು. ಹಿಡಿದಿದ್ದೆ. ನಾನು ಬಿಡಲಿಲ್ಲ. ಕೈ ತಾನೇ ಬಿಟ್ಟಿತು. ಯಾರೋ ಬೇರೆಯವರ ಕೈಯ ಹಾಗೆ ಬೆರಳು ಬಿಚ್ಚಿಕೊಂಡವು. ಅವಳು ಜಾರಿ ಹಿಂದಕ್ಕೆ ಹೋದಳು, ಮುಖ ನೀರಿನೊಳಗೆ. ಕಣ್ಣು ತೆರೆದಿದ್ದಳು. ನನ್ನನ್ನೇ ನೋಡುತ್ತಿದ್ದಳು ನೀರಿನ ಕೆಳಗಿನಿಂದ. ನನಗೆ ಇಬ್ಬರು ಪುಟ್ಟಿಯರು ಕಂಡರು. ಯಾರನ್ನು ಎತ್ತಬೇಕೆಂದು ತಿಳಿಯಲಿಲ್ಲ. ಎಡಗೈ ಹಾಕಿದೆ, ಬರಿ ನೀರು ಸಿಕ್ಕಿತು.

ಅತ್ತೆ ನುಗ್ಗಿ ಬಂದು ಎತ್ತಿದರು. ಪುಟ್ಟಿ ಕೆಮ್ಮಿದಳು, ಅತ್ತಳು, ಸರಿಹೋದಳು.

"ಮುಳುಗಿಸ್ತಿದ್ದಾಳಲ್ಲೋ! ಬಾರೋ ಇಲ್ಲಿ, ನಿನ್ನ ಹೆಂಡ್ತಿ ಮಗೂನ ಮುಳುಗಿಸ್ತಿದ್ದಾಳೆ!"

ಇವರು ಅಂಗಡಿಯಿಂದ ಮೆಟ್ಟಿಲು ಹತ್ತಿ ಓಡಿ ಬಂದರು. "ಏನಾಯ್ತು?" ಎಂದು ನನ್ನನ್ನು ಕೇಳಿದರು. ಕೈ ಜಾರಿತು ಎನ್ನಬೇಕಿತ್ತು. 'ಕೈ' ಎಂಬ ಪದ ಬಾಯಿಗೆ ಬರಲಿಲ್ಲ. "ಅದು... ಅದು ಬಿಟ್ಬಿಡ್ತು" ಎಂದೆ. "ನೋಡು, ಬಿಟ್ಬಿಟ್ಟೆ ಅಂತ ಅವಳ ಬಾಯಲ್ಲೇ ಬಂತು" ಎಂದರು ಅತ್ತೆ.

ಇನ್ನು ಮೇಲೆ ಪುಟ್ಟಿ ಅತ್ತೆಯ ಕೋಣೆಯಲ್ಲಿ ಮಲಗುವುದಂತೆ. ಇವರು ತೊಟ್ಟಿಲನ್ನು ಎತ್ತಿಕೊಂಡು ಹೋದರು. ನನ್ನ ಕಡೆ ನೋಡದೆ ಹೋದರು.

ಅವಳ ಬಲಗೈ ಹೇಗಿದೆ ಎಂದು ಯಾರೂ ನೋಡುತ್ತಿಲ್ಲ.

ಜುಲೈ 5

ರಾತ್ರಿ ಆಸ್ಪತ್ರೆಗೆ ಫೋನ್ ಮಾಡಿದೆ. ಮಗುವನ್ನು ನೋಡಲು ಬಿಡುತ್ತಿಲ್ಲ, ನೀವೇ ಬನ್ನಿ ಎಂದು ಹೇಳಿದೆ. ಆ ಕಡೆಯ ಹುಡುಗಿ "ಸ್ಪಷ್ಟವಾಗಿ ಹೇಳಿ ಮೇಡಂ, ಕುಡಿದಿದೀರಾ?" ಎಂದಳು. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಬೆಳಿಗ್ಗೆ ಅವರೇ ಇವರಿಗೆ ಫೋನ್ ಮಾಡಿ ದೂರು ಹೇಳಿದರಂತೆ.

ಇವರು ನನ್ನ ಫೋನ್ ತೆಗೆದುಕೊಂಡು ಅಂಗಡಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಒಂದು ವಾರ. ನಿನ್ನ ಒಳ್ಳೇದಕ್ಕೇ" ಎಂದರು. ಯಾರೋ ಡಾಕ್ಟರಿಂದ ಬರೆಸಿಕೊಂಡು ಬಂದ ನಿದ್ದೆ ಮಾತ್ರೆಯನ್ನೂ ಕೊಟ್ಟರು. ಆ ಡಾಕ್ಟರು ನನ್ನನ್ನು ನೋಡಿಲ್ಲ. ಇವರು ಹೇಳಿದ್ದನ್ನು ಕೇಳಿ ಬರೆದುಕೊಟ್ಟರಂತೆ. "ಹೆರಿಗೆ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ ಅಂದ್ರು." ಹೆರಿಗೆಯಾಗಿ ವರ್ಷವಾಗುತ್ತಾ ಬಂತು ಎಂದು ಹೇಳಬೇಕಿತ್ತು. ಆಮೇಲೆ ನೆನಪಾಯಿತು.

ಜುಲೈ 6

ಇವತ್ತು ಒಳ್ಳೆಯ ದಿನ. ಎಲ್ಲವೂ ಎರಡೆರಡು ಕಾಣುತ್ತಿದೆ ಎಂದು ಇವರಿಗೆ ಹೇಳಿದೆ. ಅಂಗಡಿಗೆ ಕರೆದುಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂರಿಸಿದರು. ಮದುವೆಯ ಹೊಸದರಲ್ಲಿ ಕೂತಿದ್ದೆ, ಆಮೇಲೆ ಇವತ್ತೇ. ಪ್ರಿಸಂ ಎಂಬ ಒಂದು ಗಾಜು ಇದೆಯಂತೆ. ಅದು ಎರಡನ್ನು ಒಂದು ಮಾಡುತ್ತದೆ.

"ಇನ್ನೂ ದಪ್ಪ ಹಾಕ್ಬೇಕು ಕಣೇ. ಎರಡೇ ವಾರಕ್ಕೆ ಇಷ್ಟೊಂದು ಬದಲಾಗಿದೆ" ಎಂದರು. ಏನು ಎರಡು ವಾರ? ನನ್ನ ಎಡಗಣ್ಣಿನ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಬಲಗಣ್ಣಿಗೂ ಬಿಟ್ಟರು. ಮತ್ತೆ ಎಡಗಣ್ಣು. ಟಾರ್ಚನ್ನು ಅಂಗೈಗೆ ಕುಟ್ಟಿ ಮತ್ತೊಮ್ಮೆ ಬಿಟ್ಟರು.

"ಏನು?" ಎಂದೆ.

"ಏನಿಲ್ಲ. ಬ್ಯಾಟರಿ ಸರಿ ಇಲ್ಲ."

ಅಂಗಡಿ ಮುಂದಿನ ಮೆಟ್ಟಿಲ ಮೇಲೆ ಯಜಮಾನರ ಚಪ್ಪಲಿಯ ಸದ್ದು ಕೇಳಿ ಟಾರ್ಚ್ ಆರಿಸಿದರು. ಯಜಮಾನರು, ನಾಡಿದ್ದು ವಕೀಲರು ಬರುತ್ತಾರೆ, ಸಹಿ ಆಗಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಎಂದು ಹೇಳಿ ಹೋದರು. ಇವರು ಎಷ್ಟೋ ಹೊತ್ತು ಗಾಜು ಒರೆಸುತ್ತಾ ಕೂತಿದ್ದರು. ಅಂಗಡಿ ಬಿಟ್ಟರೆ ಇವರಿಗೆ ಬೇರೇನೂ ಬರುವುದಿಲ್ಲ, ಪಾಪ.

ಹಿಂದಿನ ಒಂದು ಪುಟದಲ್ಲಿ ಯಾರೋ ಇದೇ ವಿಷಯ ಬರೆದಿದ್ದಾರೆ. ಅಕ್ಷರ ನನ್ನದೇ.

ಜುಲೈ 8

ಸಹಿ ಹಾಕಿದೆ.

ಅತ್ತೆ ಹೇಳಿದರು, "ಹಾಕು, ಪುಟ್ಟಿ ನಿನ್ನ ಜೊತೆಗೇ ಮಲಗ್ತಾಳೆ." ಐದು ದಿನವಾಯಿತು ಅವಳನ್ನು ಎತ್ತಿಕೊಂಡು. ದೂರದಿಂದ ನೋಡುತ್ತೇನೆ. ಅತ್ತೆಯ ಸೊಂಟದ ಮೇಲಿಂದ ನನಗೆ ಕೈ ಬೀಸುತ್ತಾಳೆ. ಯಾವ ಕೈ ಎಂದು ನೋಡುವಷ್ಟರಲ್ಲಿ ಒಳಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೇ ಹಾಕಿದೆ.

ವಕೀಲನ ಜೊತೆ ಅವನ ಗುಮಾಸ್ತ ಬಂದಿದ್ದ. ಪೆನ್ನು ಕೊಟ್ಟರು. ಹಿಡಿದೆ, ಬಿತ್ತು. ಇವರು ಎತ್ತಿಕೊಟ್ಟರು, ಮತ್ತೆ ಬಿತ್ತು. ನನ್ನ ಹೆಸರಿನ ಮೊದಲನೇ ಅಕ್ಷರ ಹೇಗೆ ಶುರುವಾಗುತ್ತದೆ ಎಂದು ಯೋಚಿಸುತ್ತಾ ಕೂತೆ.

"ಹೆಬ್ಬೆಟ್ಟು ಒತ್ತಿಸಿಬಿಡೋಣ ಸರ್?" ಎಂದ ಗುಮಾಸ್ತ.

"ಓದಿದೋರು ಹೆಬ್ಬೆಟ್ಟು ಒತ್ತಿದ್ರೆ ಯಾಕೆ ಅಂತ ಕಾರಣ ಬರೀಬೇಕಾಗುತ್ತೆ" ಎಂದ ವಕೀಲ. "ಏನಂತ ಬರೀತೀಯಾ? ಕೈಲಾಗಲ್ಲ ಅಂತಲಾ? ಮೇಲೆ ಏನೂ ಆಗಿಲ್ಲ ಅಂತ ಬರೆದು ಕೆಳಗೆ ಕೈಲಾಗಲ್ಲ ಅಂತ ಬರೆಯೋದಾ? ಮೆದುಳಿರೋ ಜಾಗದಲ್ಲಿ ಏನಿಟ್ಕೊಂಡಿದೀಯೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಕೇಳಬೇಕೆಂದಿದ್ದೆ, ಮುಂದೆ ಕಾಣಿಸಿಕೊಂಡರೆ ಎಂದು. ಪದ ಬರಲಿಲ್ಲ. "ಮುಂದೆ..." ಎಂದೆ. ವಕೀಲ ತಾಳ್ಮೆಯಿಂದ ಕಾದ. "ಮುಂದೆ ಎಲ್ಲಾ ಒಳ್ಳೇದಾಗುತ್ತೆ ತಾಯಿ. ಆಸ್ಪತ್ರೇಲಿ ಮೊದಲ ದಿನವೇ ನೀವೇ ಬರೆಸಿದೀರಿ, ನನಗೇನೂ ಆಗಿಲ್ಲ ಅಂತ. ಅದರ ನಕಲು ಇದಕ್ಕೆ ಲಗತ್ತಿಸಿದೀನಿ. ಮಗೂದು ಡಾಕ್ಟ್ರೇ ಬರೆದುಕೊಟ್ಟಿದಾರೆ, ಆರೋಗ್ಯವಾಗಿದೆ ಅಂತ. ಇನ್ನು ಯಾವ ಕೋರ್ಟಲ್ಲೂ ಯಾರೂ ನಿಮಗೆ ತೊಂದರೆ ಕೊಡೋಕಾಗಲ್ಲ."

ಆಮೇಲೆ ಇವರು ನನ್ನ ಹಿಂದೆ ಬಂದು ನಿಂತು, ನನ್ನ ಮುಷ್ಟಿಯ ಮೇಲೆ ತಮ್ಮ ಮುಷ್ಟಿ ಇಟ್ಟು, ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ನನ್ನ ಕೈಯಿಂದ ನನ್ನ ಹೆಸರು ಬರೆಸಿದರು. ಅವರ ಕೈ ಬೆಚ್ಚಗಿತ್ತು. ಒದ್ದೆಯಾಗಿತ್ತು. ನನ್ನ ಕಿವಿಯ ಹತ್ತಿರ, "ಇದೊಂದು ಮುಗೀಲಿ, ನಾಳೆ ನಿನ್ನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಆಣೆ" ಎಂದರು.

ನನಗೆ ಯಾಕೆ ಆಸ್ಪತ್ರೆ?

ಈ ಪುಟವನ್ನು ಎಡಗೈಯಲ್ಲಿ ಬರೆದಿದ್ದೇನೆ. ತುಂಬಾ ಹೊತ್ತು ಹಿಡಿಯಿತು. ಬೆಳಿಗ್ಗೆ ಶುರು ಮಾಡಿದ್ದು.

ಜುಲೈ 9

ಪುಟ್ಟಿಯನ್ನು ಕೊಡಲಿಲ್ಲ. "ಇವತ್ತೊಂದು ರಾತ್ರಿ ನಿದ್ದೆ ಮಾಡು, ನಾಳೆ ಕೊಡ್ತೀನಿ" ಅಂದರು ಅತ್ತೆ. ಇವರು ಗಾಜು ತರಲು ಬೇರೆ ಊರಿಗೆ ಹೋಗಿದ್ದಾರೆ. ಕರಾರು ಆಯಿತಲ್ಲ, ಅಂಗಡಿಗೆ ಹೊಸ ಮಾಲು. ಆಸ್ಪತ್ರೆ ನಾಳೆ ಅಂದರು. ಹೋಗುವಾಗ ನನ್ನ ಕನ್ನಡಕ ಒರೆಸಿಕೊಟ್ಟರು.

ಎರಡು ಮಾತ್ರೆ ಕೊಟ್ಟರು ಅತ್ತೆ. ಒಂದು ಸಾಲದಂತೆ. ಹೊರಗಿನಿಂದ ಚಿಲಕ ಹಾಕಿದರು. ರಾತ್ರಿ ನಾನು ಹೋಗಿ ಮಗುವನ್ನು ಎಬ್ಬಿಸುತ್ತೇನಲ್ಲ, ಅದಕ್ಕೆ.

ಗೋಡೆಯ ಆಚೆ ಪುಟ್ಟಿ ನಗುತ್ತಿದ್ದಾಳೆ. ಅತ್ತೆ ಏನೋ ಆಟ ಆಡಿಸುತ್ತಿದ್ದಾರೆ.

ಜುಲೈ

ಕತ್ತಲೆ ಇದೆ. ಪುಟ್ಟಿಗೆ ಆಗ್ತಿದೆ. ನಾನು ಹೇಳಿದ್ದೆ. ಎಲ್ಲರಿಗೂ ಹೇಳಿದ್ದೆ.

ಅವಳ ಬಲಗೈ ಏಳ್ತಿಲ್ಲ. ಎತ್ತಿ ಬಿಟ್ಟರೆ ಬೀಳುತ್ತೆ. ಕಾಲೂ. ಬಾಯಿ ಒಂದು ಕಡೆ. ಹಾಸಿಗೆ ಒದ್ದೆ ಮಾಡಿದಾಳೆ. ವಾಂತಿ, ತಲೆದಿಂಬಿನ ಮೇಲೆ. ಅವಳಿಗೆ ಮಾತು ಬರ್ತಿಲ್ಲ. ಅಮ್ಮ ಅನ್ನೋಕೂ ಬರ್ತಿಲ್ಲ. ಅವಳಿಗೆ ಒಂದು ಸಲ ಮೈಯೆಲ್ಲಾ ಅದುರಿ ನಾಲಿಗೆ ಕಚ್ಚಿದೆ, ರಕ್ತ ಇದೆ.

ಕೂಗಿದೆ. ಬೇರೆ ಏನೋ ಸದ್ದು ಬಂತು, ದನದ ಹಾಗೆ. ಬಾಗಿಲು ಬಡಿದೆ. ಅತ್ತೆ ಆ ಕಡೆಯಿಂದ "ಸಾಕು ನಾಟಕ. ಮಗು ಈಗ ತಾನೆ ಮಲಗಿದೆ, ಬಿದ್ಕೋ" ಅಂದರು. ಮಲಗಿಲ್ಲ. ಅದು ಮಂಪರು. ಅತ್ತೆಗೆ ಗೊತ್ತಿಲ್ಲ. ಎಬ್ಬಿಸಿ.

ಪುಸ್ತಕ ಬಾಗಿಲ ಕೆಳಗೆ ಹೋಗಲ್ಲ. ಹಾಳೆ ಹರಿತೀನಿ. ಹಾಳೆ ಹೋಗುತ್ತೆ.

ಯಾರು ತಗೋತೀರೋ ಅವರು. ಅತ್ತೆ ಆದ್ರೂ ಸರಿ. ಚಹಾ ಮಾಡೋಕೆ ಏಳ್ತೀರಲ್ಲ, ಆಗ ಅಲ್ಲ, ಈಗ. ಡಾಕ್ಟ್ರಿಗೆ ಫೋನ್ ಮಾಡಿ. ಮಕ್ಕಳ ಡಾಕ್ಟ್ರಿಗೆ. ಹೊತ್ತು ನೋಡಬೇಡಿ ಅಂದಿದಾರೆ, ಬೈಯಲ್ಲ. ನಂಬರ್ ನನಗೆ ಬಾಯಿಗೆ ಬರುತ್ತೆ. ಒಂಬತ್ತು. ಒಂಬತ್ತು ಎಂಟು. ಎಂಟು

ಒಂಬತ್ತು

ರಾಜಿ ಪತ್ರ ಹರಿದು ಹಾಕಬೇಡಿ, ಅಂಗಡಿ ಇರಲಿ. ಯಾರ ಮೇಲೂ ಏನೂ ಹೇಳಲ್ಲ. ಫೋನ್ ಮಾತ್ರ ಮಾಡಿ. ಬೆಳಗಾಗೋ ಮೊದಲು. ದಯವಿಟ್ಟು ಮಾಡಿ. ಪುಟ್ಟಿ ಇನ್ನೂ ಉಸಿರಾಡ್ತಿದಾಳೆ, ನನಗೆ ಕೇಳಿಸ್ತಿದೆ, ಇಲ್ಲೇ, ತುಂಬಾ ಹತ್ತಿರ. ಮಾಡಿ